ಅಂಟುಟೇಪಿನ ಮೇಲೆ ಯಾಕಿಷ್ಟು ಸಿಟ್ಟು?

ಓದುಗರ ಪತ್ರ: ಪದರ ಪದರದ ವಸ್ತುಗಳಲ್ಲಿ ಬೆಳಕನ್ನು ಹಿಡಿದಿಡುವ ಬಗ್ಗೆ ನೀವು ಪ್ರಕಟಿಸಿದ ಲೇಖನ ಓದಿದೆ. ಟೇಪಿನಲ್ಲಿ ಪದರ ಕಿತ್ತು, ಕೈಯಲ್ಲಿ ಒಂದರ ಮೇಲೊಂದು ಜೋಡಿಸುವ ಈ ಆಟ ಇನ್ನೆಷ್ಟು ವರ್ಷ? ಕಾರ್ಖಾನೆಯಲ್ಲಿ ಆಗದ್ದರಿಂದ ಯಾರಿಗೇನು ಲಾಭ? ಚಿಪ್ ಮಾಡುವ ದೊಡ್ಡ ತೆಳು ಬಿಲ್ಲೆಗಳ, ಅಂದರೆ ವೇಫರ್‌ಗಳ, ಮೇಲೆ ಇವನ್ನು ಬೆಳೆಸುವುದರ ಬಗ್ಗೆ ಬರೆಸಿ.

ಸಂಪಾದಕರ ಉತ್ತರ: ನೇರವಾಗಿ ಬರೆದಿದ್ದೀರಿ, ಖುಷಿಯಾಯಿತು. ಟೇಪಿನಲ್ಲಿ ಸಿಗುವ ಚೂರು ಕಣ್ಣಿಗೆ ಕಾಣುವುದೇ ಕಷ್ಟ. ಅದರಿಂದ ಕೋಟಿಗಟ್ಟಲೆ ಚಿಪ್ ಆಗುವುದಿಲ್ಲ, ವೇಫರ್ ಬೇಕೇ ಬೇಕು. ಒಪ್ಪಿದೆ. ಈಗ ನನ್ನ ಮಾತು ಸ್ವಲ್ಪ ಕೇಳಿ.

ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟನ್ನು ಶುಚಿ ಮಾಡಲು ಪ್ರಯೋಗಾಲಯಗಳಲ್ಲಿ ಮೊದಲಿನಿಂದಲೂ ಟೇಪ್ ಅಂಟಿಸಿ ಕೀಳುತ್ತಿದ್ದರು. ಕಿತ್ತ ಟೇಪು ಕಸದ ಬುಟ್ಟಿಗೆ. ಮ್ಯಾಂಚೆಸ್ಟರಿನ ವಿಜ್ಞಾನಿಗಳಾದ ಗೈಮ್ ಮತ್ತು ನೊವೊಸೆಲೊವ್ ಆ ಟೇಪಿನ ಮೇಲೆ ಉಳಿದದ್ದನ್ನು ನೋಡಿದರು. 2004ರಲ್ಲಿ ಗ್ರಾಫೀನ್ ಬಂತು, 2010ರಲ್ಲಿ ನೊಬೆಲ್ ಬಂತು. ಒಂದೇ ಒಂದು ಪರಮಾಣುವಿನಷ್ಟು ದಪ್ಪದ ಆ ಇಂಗಾಲದ ಹಾಳೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 2.3ರಷ್ಟನ್ನು ಹೀರುತ್ತದೆ. ಅಷ್ಟು ತೆಳುವಾದದ್ದಕ್ಕೆ ಇದು ತೀರಾ ಜಾಸ್ತಿ!

ಮಾಲಿಬ್ಡಿನಮ್ ಡೈಸಲ್ಫೈಡ್ ಗೊತ್ತಲ್ವಾ? ಯಂತ್ರಗಳ ಗ್ರೀಸಿಗೆ ಬೆರೆಸುವ ಕಪ್ಪು ಪುಡಿ. ದಪ್ಪಗಿದ್ದಾಗ ಅದು ಬೆಳಕು ಸೂಸುವುದು ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಪದರ ಮಾಡಿದರೆ ಕೆಂಪಗೆ ಹೊಳೆಯುತ್ತದೆ. ಇದು ತಿಳಿದದ್ದು 2010ರಲ್ಲಿ. ಆ ಪದರ ತಾನು ಸೂಸುವ ಬೆಳಕಿನ ಅಲೆಯುದ್ದದ ಸುಮಾರು ಸಾವಿರದಲ್ಲೊಂದು ಭಾಗದಷ್ಟು ದಪ್ಪ! ಕಾರ್ಖಾನೆಗಳು ಈ ಪುಡಿಯನ್ನು ಡಬ್ಬಗಟ್ಟಲೆ ಬಳಸಿದವು, ಅದರಲ್ಲಿ ಬೆಳಕಿದೆ ಅಂತ ಯಾರಿಗೂ ಹೊಳೆಯಲಿಲ್ಲ.

ನನಗೆ ಇನ್ನೂ ಇಷ್ಟವಾದದ್ದು ಜಪಾನಿನ ತ್ಸುಕುಬಾದ ಕಥೆ. ಅಲ್ಲಿ ತಾನಿಗುಚಿ ಎಂಬವರು ದೈತ್ಯ ಪ್ರೆಸ್ಸಿನಲ್ಲಿ ಭಾರಿ ಒತ್ತಡ, ಭಾರಿ ಶಾಖ ಕೊಟ್ಟು ಹರಳು ಬೆಳೆಸುತ್ತಾರೆ. ಹರಳಿನ ಗುಣ ನೋಡುವವರು ವತಾನಬೆ. ಇಬ್ಬರಿಗೂ ಬೇಕಿದ್ದದ್ದು ಹೆಚ್ಚುಕಡಿಮೆ ವಜ್ರದಷ್ಟು ಗಟ್ಟಿಯಾದ ಬೋರಾನ್ ನೈಟ್ರೈಡ್. ಪಕ್ಕದಲ್ಲಿ ಪದರ ಪದರದ ಬೋರಾನ್ ನೈಟ್ರೈಡ್ ಕೂಡ ಸಿಗುತ್ತಿತ್ತು. ಅದನ್ನು ಬಿಸಾಕದೆ ಪರೀಕ್ಷಿಸಿದರು. 2010ರಿಂದ ಜಗತ್ತಿನ ಪ್ರಯೋಗಾಲಯಗಳೆಲ್ಲ ಗ್ರಾಫೀನಿನ ಕೆಳಗೆ ಹಾಸಲು ಅದೇ ಹರಳಿಗೆ ಕೈಚಾಚಿದವು. ಅವರು ಕಳಿಸುತ್ತಲೇ ಹೋದರು. ಗ್ರಾಫೀನಿನ ನೊಬೆಲ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಈ ಇಬ್ಬರ ಹೆಸರು ಎಷ್ಟು ಪತ್ರಿಕೆಗಳಲ್ಲಿ ಓದಿದ್ದೀರಿ, ಹೇಳಿ?

ಬೆಳಕನ್ನು ಅದುಮುವ ಕಥೆಯೂ ಹೀಗೇ. ಸಾಮಾನ್ಯ ಮಸೂರದಲ್ಲಿ ಬೆಳಕನ್ನು ಅದರ ಅಲೆಯುದ್ದದ ಅರ್ಧಕ್ಕಿಂತ ಚಿಕ್ಕ ಜಾಗಕ್ಕೆ ತರಲಾಗದು. 1873ರಲ್ಲೇ ಜರ್ಮನಿಯ ಭೌತವಿಜ್ಞಾನಿ ಅಬ್ಬೆ ಹೇಳಿದ್ದು ಇದು. ಆದರೆ ಗ್ರಾಫೀನಿನಲ್ಲಿ ಬೆಳಕು ಎಲೆಕ್ಟ್ರಾನುಗಳ ಜತೆ ಸೇರಿ ಓಡುತ್ತದೆ. ಹೊರಗೆ ಸುಮಾರು 11 ಮೈಕ್ರೋಮೀಟರ್, ಅಂದರೆ 11 ಸಾವಿರ ನ್ಯಾನೋಮೀಟರ್, ಉದ್ದವಿದ್ದ, ಕಣ್ಣಿಗೆ ಕಾಣದ ಅವಕೆಂಪು ಅಲೆ ಒಳಗೆ 200 ನ್ಯಾನೋಮೀಟರ್ ಆಸುಪಾಸಿಗೆ ಕುಗ್ಗಿದ್ದನ್ನು 2012ರಲ್ಲಿ ಚಿತ್ರ ತೆಗೆದೇ ತೋರಿಸಿದರು. ಬೋರಾನ್ ನೈಟ್ರೈಡಿನಲ್ಲಿ ಬೆಳಕು ಪರಮಾಣುಗಳ ಕಂಪನದ ಜತೆ ಸೇರಿ ಹೀಗೇ ಕುಗ್ಗುತ್ತದೆ. 2018ರಲ್ಲಿ ಆ ಗ್ರೀಸಿನ ಪುಡಿಯ ಸೋದರನಂಥ ಮಾಲಿಬ್ಡಿನಮ್ ಡೈಸೆಲಿನೈಡಿನ ಒಂದೇ ಪದರ ಕನ್ನಡಿಯಾಯಿತು! ಕೊರೆಯುವ ಚಳಿಯಲ್ಲಿಟ್ಟಾಗ, ಒಂದು ಬಣ್ಣಕ್ಕೆ ಮಾತ್ರ, ನಿಜ. ಆದರೆ ವೋಲ್ಟೇಜ್ ಬದಲಿಸಿ ಅದನ್ನು ಕನ್ನಡಿ ಮಾಡಬಹುದು, ಬೇಡವೆಂದರೆ ಬಿಡಬಹುದು. ಅದಕ್ಕೆ ಎರಡೂ ಕಡೆ ಹೊದಿಸಿದ್ದು ಬೋರಾನ್ ನೈಟ್ರೈಡನ್ನೇ.

2020ರಲ್ಲಿ ಮಾಲಿಬ್ಡಿನಮ್ ಟ್ರೈಆಕ್ಸೈಡ್ ಎಂಬ ಇನ್ನೊಂದು ಪದರ ಪದರದ ವಸ್ತುವಿನ ಎರಡು ತೆಳು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ತಿರುಗಿಸಿ ನೋಡಿದರು. ಒಂದು ಕೋನಕ್ಕೆ ಬಂದಾಗ ಒಳಗಿನ ಬೆಳಕು ಹರಡದೆ ಗೆರೆ ಎಳೆದಂತೆ ನೇರ ಹೋಯಿತು. ಕಾರ್ಖಾನೆಯ ವೇಫರ್‌ನಲ್ಲಿ ಬೆಳೆದ ಪದರವನ್ನು ಹೀಗೆ ಸುಮ್ನೆ ತಿರುಗಿಸಿ ನೋಡಲು ಆಗುತ್ತದೆಯೇ?

ಈಗಿನ ಕಾಲಕ್ಕೆ ಎಲ್ಲದಕ್ಕೂ ಆತುರ. ಎಳೆಯ ಸಂಶೋಧಕ ಅರ್ಜಿ ಹಾಕಿದರೆ ಮೊದಲ ಪ್ರಶ್ನೆ, ಮೂರು ವರ್ಷದಲ್ಲಿ ಯಾವ ಉತ್ಪನ್ನ? ಪಾಪ, ಅವನೂ ಏನೋ ಒಂದು ಬರೆದು ಕೊಡುತ್ತಾನೆ. ನಮ್ಮ ಪತ್ರಕರ್ತ ಬಂಧುಗಳು ಅದಕ್ಕೆ 'ಕ್ರಾಂತಿ' ಎಂದು ತಲೆಬರಹ ಕೊಡುತ್ತಾರೆ. ಆಮೇಲೆ ಕ್ರಾಂತಿ ಎಲ್ಲಿ ಎಂದು ನಿಮ್ಮಂಥ ಓದುಗರು ಪತ್ರ ಬರೆಯುತ್ತೀರಿ. ತಪ್ಪು ನಿಮ್ಮದಲ್ಲ, ಬಿಡಿ.

ವೇಫರ್ ಲೇಖನ ಖಂಡಿತ ಹಾಕುತ್ತೇವೆ. ಇಷ್ಟು ಖಚಿತವಾಗಿ ಬರೆಯುವ ನೀವೇ ಅದನ್ನು ಯಾಕೆ ಬರೆದು ಕಳಿಸಬಾರದು?