ಕಂಸದೊಳಗಿನ ಉಪವಾಸ

ಮುಂಬಯಿ ಬಳಿಯ ಡೊಂಬಿವಲಿಯಿಂದ ಬಂದ ನಾಲ್ಕು ಪುಟದ ಪತ್ರವನ್ನು ಈ ವಾರ ಮೂರು ಸಲ ಓದಿದೆ. ಮೂರನೆಯ ಸಲ ಓದುವಾಗ ಸಿಟ್ಟು ಬಂತು. ಅದನ್ನು ಮುಚ್ಚಿಡದೆ ಉತ್ತರಿಸುತ್ತೇನೆ.

ಬರೆದಾಕೆಗೆ 36 ವರ್ಷ, ಬ್ಯಾಂಕಿನಲ್ಲಿ ಕೆಲಸ, ಮದುವೆಯಾಗಿ ಒಂಬತ್ತು ವರ್ಷ. ಮಕ್ಕಳು ಬೇಡವೆಂದು ಗಂಡ ಹೆಂಡತಿ ಕೂಡಿಯೇ ನಿರ್ಧರಿಸಿದ್ದಾರೆ. ಇದೇ ಮನಸ್ಸಿನ ಹತ್ತು ಹನ್ನೆರಡು ದಂಪತಿಗಳು ಠಾಣೆಯ ಒಂದು ಫ್ಲ್ಯಾಟಿನಲ್ಲಿ ತಿಂಗಳಿಗೊಮ್ಮೆ ಸೇರುತ್ತಾರೆ. ಈಕೆ ಎರಡು ವರ್ಷದಿಂದ ಅಲ್ಲಿಗೆ ಹೋಗುತ್ತಿದ್ದಾರೆ, ಪತಿ ಹೋಗುವುದಿಲ್ಲ. ಈಗ ಆ ಬಳಗ ಮಾಟುಂಗದಲ್ಲಿ ಬಹಿರಂಗ ಸಭೆ ನಡೆಸಲಿದೆ, ಕನ್ನಡಿಗರ ಪರವಾಗಿ ಈಕೆ ಮಾತನಾಡಬೇಕಂತೆ. ಆಮಂತ್ರಣದಲ್ಲಿ ಹೆಸರು ಬಂದರೆ ಊರಿಗೆ ತಿಳಿಯುತ್ತದೆ ಎಂಬ ಭಯ. ‘ಹೆಸರು ಹಾಕಿಸಲೇ, ಬೇಡವೇ? ಇಂಥ ಬಳಗಗಳೆಲ್ಲ ನಿನ್ನೆ ಮೊನ್ನೆ ಮೊಬೈಲಿನಲ್ಲಿ ಹುಟ್ಟಿದ ಹುಚ್ಚು ಎನ್ನುತ್ತಾರೆ ನಮ್ಮವರು, ನಿಜವೇ?’

ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ತಂಗಿ. ನೆರೆಮನೆಯ ಸೀಮಂತದಲ್ಲಿ ಆರತಿ ತಟ್ಟೆ ಕೈಯಿಂದ ಕೈಗೆ ಬಂದು, ನಿಮ್ಮ ಮುಂದೆ ಒಂದು ಕ್ಷಣ ನಿಂತು, ನಿಮ್ಮನ್ನು ದಾಟಿ ಪಕ್ಕದವರ ಕೈಗೆ ಹೋದದ್ದನ್ನು ಒಂದೂವರೆ ಪುಟ ಬರೆದಿದ್ದೀರಿ. ಹಾಗೆ ಮಾಡಿದವರು ತಪ್ಪು ಮಾಡಿದರು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೆಯ ಪುಟದ ಒಂದು ಸಾಲು. ಅದನ್ನು ನೀವು ಕಂಸದೊಳಗೆ, ಉಳಿದ ಅಕ್ಷರಗಳಿಗಿಂತ ಸಣ್ಣದಾಗಿ ಬರೆದಿದ್ದೀರಿ: ‘(ಡಾಕ್ಟರರು ನನ್ನಲ್ಲಿ ದೋಷವಿದೆ ಎಂದಿದ್ದಾರೆ ಎಂದು ಅತ್ತೆಗೆ ಹೇಳಿಬಿಟ್ಟಿದ್ದೇವೆ. ಪಾಪ, ಷಷ್ಠಿಗೆ ಉಪವಾಸ ಮಾಡುತ್ತಾರೆ.)’

ಉಡುಪಿ ಕಡೆಯ ಕಾಪುವಿನ ಹತ್ತಿರದ ಹಳ್ಳಿಯಲ್ಲಿ 71 ವರ್ಷದ ಹೆಂಗಸು. ತಿಂಗಳಿಗೊಂದು ಷಷ್ಠಿ ಎಂದರೂ ಎರಡು ವರ್ಷಕ್ಕೆ ಇಪ್ಪತ್ತನಾಲ್ಕು ಉಪವಾಸ. ಎರಡು ಸಲ ಆಶ್ಲೇಷಾ ಬಲಿ ಎಂಬ ನಾಗಪೂಜೆ ಮಾಡಿಸಿದ್ದಾರೆ, ಮನೆಯ ನಾಗಬನದಲ್ಲಿ ತನು, ಎಂದರೆ ಹಾಲು, ಎರೆಸಿದ್ದಾರೆ ಎಂದು ಮುಂದಿನ ಪುಟದಲ್ಲಿ ನೀವೇ ಬರೆದಿದ್ದೀರಿ. ಇಲ್ಲದ ದೋಷದ ಪರಿಹಾರಕ್ಕಾಗಿ ಅವರು ಹಸಿದುಕೊಂಡಿದ್ದಾರೆ. ನಿಮಗಾಗಿ ಮರುಗಿದ್ದಕ್ಕಿಂತ ಹೆಚ್ಚು ನಾನು ಅವರಿಗಾಗಿ ಮರುಗಿದೆ.

ಇನ್ನು ‘ನಿನ್ನೆ ಮೊನ್ನೆ’ಯ ಪ್ರಶ್ನೆ. ನಿಮ್ಮವರ ಮಾತು ಸುಳ್ಳು. 1972ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಲೆನ್ ಪೆಕ್ ಮತ್ತು ಶರ್ಲಿ ರಾಡ್ಲ್ ಎಂಬ ಇಬ್ಬರು ಹೆಂಗಸರು ‘ನಾನ್ ಪೇರೆಂಟ್ಸ್’ ಹೆಸರಿನ ರಾಷ್ಟ್ರೀಯ ಸಂಘಟನೆ ಕಟ್ಟಿದರು. ಅವರಲ್ಲಿ ರಾಡ್ಲ್ ಸ್ವತಃ ಇಬ್ಬರು ಮಕ್ಕಳ ತಾಯಿ ಎಂಬುದನ್ನು ನಾನು ಯಾವಾಗಲೂ ಒತ್ತಿ ಹೇಳುತ್ತೇನೆ, ಏಕೆಂದರೆ ಇದು ಮಕ್ಕಳ ಮೇಲಿನ ದ್ವೇಷದ ಚಳವಳಿಯಾಗಿರಲಿಲ್ಲ. ‘ಚೈಲ್ಡ್‌ಲೆಸ್’ ಅನ್ನಬೇಡಿ, ‘ಚೈಲ್ಡ್‌ಫ್ರೀ’ ಅನ್ನಿ ಎಂಬ ಮಾತನ್ನು ಜನರ ಬಾಯಿಗೆ ತಂದದ್ದರಲ್ಲಿ ಆ ಸಂಘಟನೆಯ ಪಾಲು ದೊಡ್ಡದು. ಮಕ್ಕಳಾಗದವರು ಬೇರೆ, ಮಕ್ಕಳು ಬೇಡವೆಂದವರು ಬೇರೆ. 1974ರ ಆಗಸ್ಟ್ 1ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ, ತಾಯಿಯಾಗದ ಒಬ್ಬಾಕೆಯನ್ನೂ ತಂದೆಯಾಗದ ಒಬ್ಬಾತನನ್ನೂ ಹೆಸರು ಹೇಳಿ ಹಾಡಹಗಲೇ ಸನ್ಮಾನಿಸಿದರು. ಆ ಸಂಘಟನೆ 1982ರಲ್ಲಿ ಮುಚ್ಚಿತು. 1978ರಲ್ಲಿ ಬ್ರಿಟನ್ನಿನಲ್ಲೂ ಇಂಥದ್ದೊಂದು ಹುಟ್ಟಿತ್ತು. 1984ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಜೆರ್ರಿ ಸ್ಟೈನ್‌ಬರ್ಗ್ ಎಂಬ ಶಿಕ್ಷಕ, ಗೆಳೆಯರೆಲ್ಲ ಮಕ್ಕಳಾದ ಮೇಲೆ ಒಬ್ಬೊಬ್ಬರಾಗಿ ದೂರವಾದಾಗ, ‘ನೋ ಕಿಡ್ಡಿಂಗ್’ ಎಂಬ ಕೂಟ ಆರಂಭಿಸಿದ. ಭಾಷಣವಿಲ್ಲ, ಹೋರಾಟವಿಲ್ಲ, ಊಟ, ಹರಟೆ, ಸುತ್ತಾಟ. ಅದು ಹಲವು ದೇಶಗಳ ಊರೂರಿಗೆ ಹಬ್ಬಿತು. ನಿಮ್ಮ ಠಾಣೆಯ ಫ್ಲ್ಯಾಟು ಈ ವಂಶದ್ದು.

ಹೊರದೇಶದ ಮಾತು ಬೇಡವೆಂದರೆ ಮುಂಬಯಿಯದೇ ಕೇಳಿ. ಸ್ತ್ರೀಶಿಕ್ಷಣಕ್ಕಾಗಿ ದುಡಿದ ಮಹರ್ಷಿ ಕರ್ವೆಯವರ ಮಗ ರಘುನಾಥ ಕರ್ವೆ, ಗಣಿತದ ಪ್ರಾಧ್ಯಾಪಕರು. 1921ರಲ್ಲಿ ಇದೇ ಊರಿನಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದರು. ಅವರೂ ಪತ್ನಿ ಮಾಲತಿಯವರೂ ಮಕ್ಕಳು ಬೇಡವೆಂದು ನಿರ್ಧರಿಸಿ ಹಾಗೆಯೇ ಬಾಳಿದರು. ಈ ಪ್ರಚಾರಕ್ಕಾಗಿ ಕರ್ವೆ ಕಾಲೇಜಿನ ಕೆಲಸ ಕಳೆದುಕೊಂಡರು. 1927ರಿಂದ ಸಾಯುವವರೆಗೂ ‘ಸಮಾಜ ಸ್ವಾಸ್ಥ್ಯ’ ಎಂಬ ಮರಾಠಿ ಮಾಸಿಕ ನಡೆಸಿದರು. ಅದರಲ್ಲಿ ಓದುಗರ ಖಾಸಗಿ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು ಅಶ್ಲೀಲವೆಂದು ಮೊಕದ್ದಮೆ ಬಿದ್ದಾಗ, 1934ರಲ್ಲಿ ಅವರ ಪರ ವಾದಿಸಿದವರು ಡಾ. ಅಂಬೇಡ್ಕರ್. ಮೊಕದ್ದಮೆಯಲ್ಲಿ ಸೋತು ಕರ್ವೆ ದಂಡ ತೆತ್ತರು, ಪತ್ರಿಕೆ ನಿಲ್ಲಿಸಲಿಲ್ಲ. ಓದುಗರ ಪತ್ರಗಳಿಗೆ ಉತ್ತರ ಬರೆಯುವ ನನಗೆ ಅವರ ನೆನಪು ದಿನವೂ ಬರುತ್ತದೆ.

ಇಲ್ಲಿ ಹೇಳಿದವರಲ್ಲಿ ಯಾರೂ ಡಾಕ್ಟರರ ಹೆಸರಿನ ಹಿಂದೆ ಅಡಗಲಿಲ್ಲ. ‘ಏನಾದರೂ ವಿಶೇಷ?’ ಎಂದು ಕೇಳಿದವರಿಗೆ ‘ನಮಗೆ ಬೇಡ’ ಎಂದು ನೇರವಾಗಿ ಹೇಳುವ ಧೈರ್ಯ ಒಬ್ಬರಿಂದ ಒಬ್ಬರಿಗೆ ಸಿಗಲಿ ಎಂದೇ ಇಂಥ ಬಳಗಗಳು ಹುಟ್ಟಿದ್ದು. ನಿಮ್ಮ ಬಳಗದ ಹಿರಿಯಾಕೆ ನಿಮಗೆ ಕಲಿಸಿದ್ದೇನು? ‘ದೋಷವಿದೆ ಎಂದುಬಿಡಿ, ಎಲ್ಲರ ಬಾಯಿ ಮುಚ್ಚುತ್ತದೆ, ನಾನೂ ಹಾಗೇ ಮಾಡಿದ್ದು.’ ಈ ಪ್ರಕರಣದಲ್ಲಿ ನನ್ನ ಮೊದಲ ದೂರು ಆಕೆಯ ಮೇಲೆ. ಮಕ್ಕಳಿಗಾಗಿ ಹಂಬಲಿಸಿ, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಸಾಲ ಮಾಡಿಕೊಂಡವರ ನಿಜವಾದ ದುಃಖವನ್ನು ಆಕೆ ನೆಪವಾಗಿ ಬಳಸಿದರು, ನಿಮಗೂ ಬಳಸಲು ಕೊಟ್ಟರು. ಬಂಜೆ ಎಂಬ ಹಳೆಯ ಬೈಗುಳವನ್ನು ನೀವೇ ಎತ್ತಿ ಹಣೆಗೆ ಹಚ್ಚಿಕೊಂಡಿರಿ. ಆರತಿ ತಟ್ಟೆ ನಿಮ್ಮನ್ನು ದಾಟಿ ಹೋದದ್ದು ಅದಕ್ಕೇ. ಮುಪ್ಪಿನಲ್ಲಿ ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕುವವರು ಯಾರು, ವಿಲ್ ಬರೆಯುವುದು ಹೇಗೆ, ಒಬ್ಬರೇ ಉಳಿದಾಗ ಬಾಗಿಲು ತಟ್ಟುವವರು ಯಾರು ಎಂಬುದನ್ನೆಲ್ಲ ಚರ್ಚಿಸಬೇಕಾದ ಕಡೆ ಸುಳ್ಳಿನ ತರಬೇತಿ ನಡೆಯುತ್ತಿದೆ.

ಎರಡನೆಯ ದೂರು ನಿಮ್ಮ ಪತಿಯ ಮೇಲೆ. ನಿರ್ಧಾರ ಇಬ್ಬರದು, ‘ದೋಷ’ ಮಾತ್ರ ನಿಮ್ಮದು. ಹೆತ್ತ ತಾಯಿ ಹಸಿದಿರುವುದು ಗೊತ್ತಿದ್ದೂ ಅವರು ಹೊತ್ತು ಹೊತ್ತಿಗೆ ಉಂಡಿದ್ದಾರೆ. ತನ್ನ ಹೆತ್ತವರಿಗೆ ತಾನೇ ಹೇಳಬೇಕು, ಹೆಂಡತಿಯನ್ನು ಮುಂದೆ ಬಿಡಬಾರದು ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ. ಮತ್ತೆ ಬರೆಯುತ್ತಿದ್ದೇನೆ.

ಮಕ್ಕಳು ಬೇಡವೆಂಬ ನಿಮ್ಮ ನಿರ್ಧಾರ ಸರಿಯೇ ಎಂದು ನೀವು ಕೇಳಿಲ್ಲ. ಕೇಳಬೇಕಾಗಿಯೂ ಇಲ್ಲ, ಅದು ನಿಮ್ಮಿಬ್ಬರ ಹಕ್ಕು. ಅತ್ತೆಗಾಗಿ ಅದನ್ನು ಬದಲಿಸಬೇಡಿ. ಆಮಂತ್ರಣದ ವಿಷಯವನ್ನು ಸದ್ಯಕ್ಕೆ ಬದಿಗಿಡಿ. ಮಾಡಬೇಕಾದದ್ದು ಒಂದೇ.

ಬರುವ ಷಷ್ಠಿಗೆ ಮೊದಲು ನಿಮ್ಮ ಪತಿ ಊರಿಗೆ ಹೋಗಬೇಕು. ಫೋನಿನಲ್ಲಿ ಬೇಡ, ವಾಟ್ಸಾಪಿನಲ್ಲಿ ಬೇಡ, ನಿಮ್ಮನ್ನು ಜೊತೆಗೆ ಕರೆದುಕೊಂಡು ಹೋಗುವುದೂ ಬೇಡ. ಠಾಣೆಯಲ್ಲಿ ಮತ್ಸ್ಯಗಂಧ ರೈಲು ಹತ್ತಲಿ, ಉಡುಪಿಯಲ್ಲಿ ಇಳಿಯಲಿ, ಅಮ್ಮನ ಎದುರು ಕುಳಿತು ತುಳುವಿನಲ್ಲೇ ಹೇಳಲಿ: ಅವಳಲ್ಲಿ ದೋಷವಿಲ್ಲ, ನಮಗೆ ಮಕ್ಕಳು ಬೇಡ, ನಿಮಗೆ ಸುಳ್ಳು ಹೇಳಿದೆವು. ಅವರು ಅಳಬಹುದು, ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದು. ಜಗಲಿಯಲ್ಲಿ ಕಾದು ಕುಳಿತಿರಲಿ. ಮರುದಿನದ ರೈಲಿಗೇ ವಾಪಸು ಟಿಕೆಟ್ ಮಾಡಿಸುವುದು ಬೇಡ, ಷಷ್ಠಿ ಕಳೆಯುವವರೆಗೆ ಅಲ್ಲೇ ಇದ್ದು, ಆ ದಿನ ಅಮ್ಮನಿಗೆ ತಾನೇ ಬಡಿಸಿ ಬರಲಿ.