ಸುಕ್ಕೋತ್ ಹಬ್ಬದ ಚಪ್ಪರವನ್ನು ಅಂಗಳದ ಮರದ ನೆರಳಿನಲ್ಲಿ ಹಾಕಬಹುದೇ?

ವೃದ್ಧರನ್ನು ನೋಡಿಕೊಳ್ಳುವ ಕೆಲಸಕ್ಕೆಂದು ಮಂಗಳೂರಿನಿಂದ ಇಸ್ರೇಲಿಗೆ ಬಂದಿರುವ ನೀವು, ಯೆಹೂದ್ಯರ ಈ ಸುಕ್ಕೋತ್ ಕೂಡ ನಮ್ಮ ಸುಗ್ಗಿಯಂಥ ಹಬ್ಬವೇ ಅಲ್ಲವೇ, ಅಜ್ಜನಿಗೆ ಬಿಸಿಲು ತಾಗದಂತೆ ಮರದಡಿಯಲ್ಲಿ ಚಪ್ಪರ ಹಾಕಿದರೆ ಆಗದೇ ಎಂದು ಕೇಳಿದ್ದೀರಿ. ಖಂಡಿತ ಆಗದು. ಇಲ್ಲಿನ ಪೆತಹ್ ತಿಕ್ವಾ ನಗರದಲ್ಲಿ ಇದೇ ಕೆಲಸದಲ್ಲಿದ್ದಾಗ ನಾನು ಮಾಡಿದ್ದು ಅದನ್ನೇ.

ಸುಕ್ಕೋತ್‌ಗೆ ಕೆಲವೇ ದಿನ ಮುಂಚೆ ಬರುವ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್ ಉಪವಾಸ ಮುಗಿದ ಕೂಡಲೇ, ನಾನು ನೋಡಿಕೊಳ್ಳುತ್ತಿದ್ದ ಅಜ್ಜ ಚಪ್ಪರದ ಮಾತೆತ್ತಿದರು. ಕಬ್ಬಿಣದ ಕೊಳವೆಗಳ ಚೌಕಟ್ಟನ್ನು ಹಿಪ್ಪುನೇರಳೆ ಮರದ ಕೆಳಗೆ ನಿಲ್ಲಿಸಿ, ಸುತ್ತಲೂ ಬಟ್ಟೆ ಕಟ್ಟಿ, ಮೇಲೆ ಖರ್ಜೂರದ ಗರಿ ಹೊದಿಸಿದೆ. ಹಬ್ಬದ ಹಿಂದಿನ ಮಧ್ಯಾಹ್ನ ಬಂದ ಅವರ ಮಗಳು ತಲೆಯೆತ್ತಿ ನೋಡಿ, ಅಪ್ಪ ಇಲ್ಲಿ ಕೂರುವಂತಿಲ್ಲ ಎಂದುಬಿಟ್ಟರು. ಬಿಚ್ಚಿ ಬೇರೆಡೆ ನಿಲ್ಲಿಸುವುದು ಮುಗಿಯುವಷ್ಟರಲ್ಲಿ ಸೂರ್ಯ ಮುಳುಗಿದ. ಹಬ್ಬ ಹೊಕ್ಕ ಮೇಲೆ ಚಪ್ಪರಕ್ಕೆ ಗರಿ ಹೊದಿಸುವುದು ನಿಷಿದ್ಧ. ನೆರೆಯವರ ಚಪ್ಪರವಿದ್ದದ್ದು ತಾರಸಿಯ ಮೇಲೆ, ಅಜ್ಜನಿದ್ದದ್ದು ಗಾಲಿಕುರ್ಚಿಯಲ್ಲಿ. ಉಳಿದ ದಿನಗಳ ಮಾತು ಬೇರೆ, ಮೊದಲ ರಾತ್ರಿಯಂತೂ ಚಪ್ಪರದಲ್ಲಿ ಕುಳಿತು ರೊಟ್ಟಿ ತಿನ್ನಲೇಬೇಕು. ಆ ವರ್ಷ ಅವರಿಗೆ ಅದು ತಪ್ಪಿಹೋಯಿತು.

ಮರದಡಿ ಏಕೆ ಕೂಡದೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸುಮಾರು ಕ್ರಿ.ಶ. 200ರಲ್ಲಿ ಸಂಕಲಿತವಾದ ಯೆಹೂದ್ಯ ಧರ್ಮನಿಯಮಗಳ ಗ್ರಂಥ ಮಿಷ್ನಾ, ಮರದ ಕೆಳಗೆ ಕಟ್ಟಿದ ಸುಕ್ಕಾ, ಅಂದರೆ ಈ ಹಬ್ಬದ ಚಪ್ಪರ, ಮನೆಯೊಳಗೆ ಕಟ್ಟಿದಂತೆಯೇ ಎನ್ನುತ್ತದೆ. ಗೋಡೆ ಯಾವುದರದ್ದಾದರೂ ಆಗಬಹುದು. ಹೊದಿಕೆ ಮಾತ್ರ ನೆಲದಲ್ಲಿ ಬೆಳೆದು, ನೆಲದಿಂದ ಕಡಿದು ಬೇರ್ಪಟ್ಟದ್ದಾಗಿರಬೇಕು. ಚಪ್ಪರದೊಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ಆ ನೆರಳು ಕಡಿದ ಗರಿಯದ್ದೇ ಆಗಿರಬೇಕು. ಬೇರೂರಿ ನಿಂತ ಮರದ ನೆರಳು ಲೆಕ್ಕಕ್ಕಿಲ್ಲ, ಮೇಲಿನ ಮಹಡಿಯ ಸಜ್ಜೆಯದ್ದೂ ಇಲ್ಲ. ಜೆರುಸಲೇಮಿನ ಎಷ್ಟೋ ಕಟ್ಟಡಗಳಲ್ಲಿ ಬಾಲ್ಕನಿಗಳು ಒಂದರ ನೇರಕ್ಕೆ ಒಂದು ಬಾರದಂತೆ ಪಕ್ಕಕ್ಕೆ ಸರಿದಿರುವುದು ಪ್ರತಿ ಮನೆಯ ಸುಕ್ಕಾಕ್ಕೂ ಆಕಾಶ ಸಿಗಲೆಂದೇ. ಅಂದಹಾಗೆ, ಯೆಹೂದ್ಯರಲ್ಲದವರು ನೆರಳಿಗೆಂದು ಕಟ್ಟಿದ ಸುಕ್ಕಾವೂ ಸಲ್ಲುತ್ತದೆಂದು ಮಿಷ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮೂದ್ ಹೇಳುತ್ತದೆ, ನೀವು ಹಿಂಜರಿಯಬೇಕಿಲ್ಲ.

ಸುಗ್ಗಿಯ ಹಬ್ಬವೆಂಬ ನಿಮ್ಮ ಎಣಿಕೆ ಅರ್ಧ ಮಾತ್ರ ನಿಜ. ಬೈಬಲಿನ ವಿಮೋಚನಕಾಂಡ ಇದನ್ನು ವರ್ಷದ ಕೊನೆಗೆ ಫಸಲು ಕೂಡಿಡುವ ಹಬ್ಬವೆಂದೇ ಕರೆಯುತ್ತದೆ. ಕಣದ ಧಾನ್ಯವೂ ದ್ರಾಕ್ಷಿ ಆಲೆಯ ರಸವೂ ಮನೆ ಸೇರಿದ ಮೇಲಿನ ಏಳು ದಿನಗಳಿವು. ದ್ರಾಕ್ಷಿತೋಟದ ಕಾವಲು ಗುಡಿಸಲು ಪ್ರವಾದಿ ಯೆಶಾಯನ ಮಾತಿನಲ್ಲೂ ಬರುತ್ತದೆ. ಆದರೆ ಬೈಬಲಿನದ್ದೇ ಯಾಜಕಕಾಂಡ ಕೊಡುವ ಕಾರಣವೇ ಬೇರೆ: ಈಜಿಪ್ಟಿನಿಂದ ಹೊರಟ ಪೂರ್ವಿಕರು ಗುಡಿಸಲುಗಳಲ್ಲಿ ವಾಸಿಸಿದ್ದು ಮುಂದಿನ ಪೀಳಿಗೆಗಳಿಗೆ ತಿಳಿದಿರಬೇಕು. ಆ ಬಿಡುಗಡೆಯಾದದ್ದು ವಸಂತದಲ್ಲಿ, ಹಬ್ಬ ಮಾತ್ರ ಶರತ್ಕಾಲದಲ್ಲೇಕೆ ಎಂಬ ಪ್ರಶ್ನೆಗೆ 14ನೆಯ ಶತಮಾನದ ಧರ್ಮಶಾಸ್ತ್ರಜ್ಞ ಯಾಕೋಬ್ ಬೆನ್ ಆಶೇರ್ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿದೆ: ವಸಂತದಲ್ಲಿ ಎಲ್ಲರೂ ತಂಪಿಗಾಗಿ ಚಪ್ಪರ ಹಾಕುತ್ತಾರೆ, ಮಳೆಗಾಲಕ್ಕೆ ಮುನ್ನ ಜನರು ಮನೆಯೊಳಗೆ ಸರಿಯುವ ಹೊತ್ತಿನಲ್ಲಿ ಹೊರಗೆ ಬಂದರೆ ಅದು ದೇವರ ಆಜ್ಞೆಗಾಗಿ ಎಂಬುದು ಸ್ಪಷ್ಟವಾಗುತ್ತದೆ. ಹಾಗಿರುವಾಗ ನೆರಳಿನ ಹಿತ ನೋಡಿ ಜಾಗ ಆರಿಸುವುದು ಹಬ್ಬದ ಬುಡವನ್ನೇ ಕಡಿದಂತೆ.

ನಿಮ್ಮ ಅಜ್ಜನ ಬಿಸಿಲಿನ ಚಿಂತೆಗೆ ಶಾಸ್ತ್ರದಲ್ಲೇ ದಾರಿಯಿದೆ. ರೋಗಿಗಳಿಗೂ ಅವರ ಶುಶ್ರೂಷೆ ಮಾಡುವವರಿಗೂ ಸುಕ್ಕಾದಿಂದ ವಿನಾಯಿತಿ ಉಂಟು. ಗಂಜಿ ಕೆಡುವಷ್ಟು ಮಳೆ ಬಂದರೂ ಒಳಗೆ ಹೋಗಬಹುದು. ಆದ್ದರಿಂದ ಚಪ್ಪರವನ್ನು ಬಯಲಿನಲ್ಲೇ ಹಾಕಿ, ಗರಿಯನ್ನು ದಟ್ಟವಾಗಿ ಹೊದಿಸಿ, ಕಟ್ಟುವ ಮುಂಚೆ ಮನೆಯವರೊಬ್ಬರಿಗೆ ಜಾಗ ತೋರಿಸಿ. ಮಧ್ಯಾಹ್ನ ಅಜ್ಜನಿಗೆ ತಡೆಯಲಾಗದಿದ್ದರೆ ಒಳಗೆ ಊಟ ಬಡಿಸಬಹುದೇ ಎಂದು ಅವರನ್ನೇ ಕೇಳಿ. ಮನೆ ಗುಡಿಸುವಾಗ ಹಬ್ಬದ ವಿಧಿಯಲ್ಲಿ ಕೈಯಲ್ಲಿ ಹಿಡಿಯಲೆಂದು ಪೆಟ್ಟಿಗೆಯಲ್ಲಿ ನಾರು ಸುತ್ತಿಟ್ಟ ಮಾದಳ ಹಣ್ಣು ಕಂಡರೆ ಕೈ ಹಚ್ಚಬೇಡಿ. ಅದರ ತುದಿಯ ಪುಟ್ಟ ಮೊಗ್ಗಿನಂಥ ಭಾಗ ಮುರಿದರೆ ಅಷ್ಟು ಬೆಲೆ ಕೊಟ್ಟು ತಂದ ಹಣ್ಣು ಮೊದಲ ದಿನದ ವಿಧಿಗೆ ಸಲ್ಲುವುದಿಲ್ಲ.