ಕರ್ನಲ್‌ನಲ್ಲಿ ‘ಅನ್‌ಇನಿಶಿಯಲೈಸ್ಡ್ ಅಂಡ್ ಪಾಯ್ಸನ್ಡ್’ ಪೇಜ್ ಬಂದರೆ ಸೊನ್ನೆ ತುಂಬಿದರೆ ಸಾಕಾ?

ಬೇಡ, ಸೊನ್ನೆ ತುಂಬಬೇಡಿ. ಲಿನಕ್ಸ್ 4.19 ಕರ್ನಲ್‌ನಲ್ಲಿ ಮೆಮೊರಿ ಬ್ಲಾಕ್‌ನ ‘ವ್ಯಾಲಿಡ್ ಝೋನ್ಸ್’ ಫೈಲ್ (ಆ ಬ್ಲಾಕ್ ಯಾವ ಝೋನ್‌ಗೆ, ಅಂದರೆ ಮೆಮೊರಿಯ ಯಾವ ವಲಯಕ್ಕೆ ಸೇರುತ್ತದೆ ಅಂತ ತೋರಿಸುವುದು) ಓದಿದ ಕೂಡಲೇ ಸಿಸ್ಟಮ್ ಬೀಳುತ್ತಿದೆ, ಪಾಯ್ಸನ್ (ಇನ್ನೂ ಯಾರೂ ತುಂಬದ ಜಾಗ ಗೊತ್ತಾಗಲಿ ಅಂತ ಬೇಕಂತಲೇ ಹಾಕಿಡುವ ಕೆಟ್ಟ ಬೈಟ್‌ಗಳು) ಆಫ್ ಮಾಡಲಾ, ಇಲ್ಲ ಮೆಮ್‌ಸೆಟ್ ಹಾಕಿ ಸೊನ್ನೆ ತುಂಬಲಾ ಅಂತ ಕೇಳಿದ್ದೀರಿ. ಎರಡೂ ತಪ್ಪು ದಾರಿ.

ನಾನು ಇದನ್ನು ಕಂಡದ್ದು 4.20ರಲ್ಲಿ, ಒಂದು ವರ್ಚುವಲ್ ಮೆಷಿನ್‌ನಲ್ಲಿ ಮೆಮೊರಿ ಆಫ್‌ಲೈನ್ ಮಾಡುವುದನ್ನು (ಸಿಸ್ಟಮ್ ಓಡುತ್ತಿರುವಾಗಲೇ ಒಂದು ಭಾಗವನ್ನು ಬಳಕೆಯಿಂದ ತೆಗೆಯುವುದು) ಟೆಸ್ಟ್ ಮಾಡುವಾಗ. ಬೂಟ್ ಸಾಲಿನಲ್ಲಿ ಮೆಮೊರಿಯನ್ನು 2050 ಎಂಬಿಗೆ ಮಿತಿ ಮಾಡಿದ್ದೆ. ಎಕ್ಸ್86-64ರಲ್ಲಿ ಒಂದು ಸೆಕ್ಷನ್ (ಕರ್ನಲ್ ಮೆಮೊರಿಯನ್ನು ಭಾಗ ಮಾಡುವ ತುಂಡು) ಅಂದರೆ 128 ಎಂಬಿ. 2048 ಎಂಬಿಗೆ ಸರಿಯಾಗಿ 16 ಸೆಕ್ಷನ್ ಆಯ್ತು. ಮಿಕ್ಕ 2 ಎಂಬಿಗೋಸ್ಕರ ಇನ್ನೊಂದು ಸೆಕ್ಷನ್ ತೆರೆಯುತ್ತದೆ, ಅದರ ಪೂರ್ತಿ 32768 ಪುಟಗಳಿಗೂ ಸ್ಟ್ರಕ್ಟ್ ಪೇಜ್ (ಒಂದೊಂದು ಪುಟದ ವಿವರ ಇಡುವ ದಾಖಲೆ) ಜಾಗ ಸಿಗುತ್ತದೆ. ಆದರೆ ಅವುಗಳನ್ನು ತುಂಬುವ ಲೂಪ್ ಝೋನ್ ಮುಗಿದಲ್ಲೇ ನಿಲ್ಲುತ್ತದೆ. 512 ತುಂಬಿತು. ಉಳಿದವುಗಳಲ್ಲಿ ಪಾಯ್ಸನ್‌ನ ಎಫ್‌ಎಫ್ ಬೈಟ್‌ಗಳು ಹಾಗೇ ಕೂತಿದ್ದವು.

ಆಗ ನಾನು ಮಾಡಿದ್ದು ನೀವೀಗ ಮಾಡಹೊರಟಿರುವುದನ್ನೇ: ಮೆಮ್‌ಸೆಟ್, ಸೊನ್ನೆ. ಕ್ರ್ಯಾಶ್ ನಿಂತಿತು. ನಷ್ಟ ಶುರುವಾದದ್ದೇ ಅಲ್ಲಿಂದ.

ಸ್ಟ್ರಕ್ಟ್ ಪೇಜ್‌ನ ಫ್ಲ್ಯಾಗ್ಸ್ ಅನ್ನೋ ಫೀಲ್ಡ್‌ನ ಮೇಲಿನ ಬಿಟ್‌ಗಳಲ್ಲೇ ಆ ಪುಟದ ನೋಡ್ (ಮೆಮೊರಿಯ ಗುಂಪು) ಯಾವುದು, ಝೋನ್ ಯಾವುದು ಅಂತ ಬರೆದಿರುತ್ತದೆ. ಅಲ್ಲಿ ಸೊನ್ನೆ ಇದ್ದರೆ ‘ಏನೂ ಇಲ್ಲ’ ಅಂತ ಅರ್ಥವಲ್ಲ. ನೋಡ್ 0, ಝೋನ್ 0 ಅಂತ ಅರ್ಥ. ಎಕ್ಸ್86ರಲ್ಲಿ ಝೋನ್ 0 ಅಂದರೆ ಡಿಎಂಎ, ಮೊದಲ 16 ಎಂಬಿ. 2 ಜಿಬಿ ಆಚೆಗಿನ ಪುಟವೊಂದು ‘ನಾನು ಮೊದಲ 16 ಎಂಬಿಯವನು’ ಅಂತ ಹೇಳುತ್ತದೆ, ಕರ್ನಲ್ ಅದನ್ನು ಮರುಮಾತಿಲ್ಲದೆ ನಂಬುತ್ತದೆ. ಹಾಗಾಗಿ ಅದೇ ಬ್ಲಾಕ್‌ನಲ್ಲಿ ಶುರುವಿನ ಪುಟಗಳು ಡಿಎಂಎ32 (4 ಜಿಬಿ ಒಳಗಿನ ಝೋನ್), ಆಮೇಲಿನವು ಡಿಎಂಎ. ‘ವ್ಯಾಲಿಡ್ ಝೋನ್ಸ್’ ಫೈಲ್ ಓದಿದರೆ ‘none’, ಅಂದರೆ ಯಾವ ಝೋನೂ ಇಲ್ಲ ಅಂತ ಬಂತು. ಆಫ್‌ಲೈನ್ ಮಾಡಲು ಹೋದರೆ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’, ಅಷ್ಟೇ. ಡಂಪ್ (ಕ್ರ್ಯಾಶ್ ವರದಿ) ಇಲ್ಲ, ವಿಳಾಸ ಇಲ್ಲ. ಎಫ್‌ಎಫ್ ಇದ್ದಾಗ ಯಾವ ಪುಟ, ಯಾವ ಫಂಕ್ಷನ್ ಅಂತ ಕರ್ನಲ್ ತಾನೇ ಬಾಯಿಬಿಟ್ಟು ಹೇಳುತ್ತಿತ್ತು. ಆ ಬಾಯಿ ಮುಚ್ಚಿಸಿ, ಆಮೇಲೆ ಆಫ್‌ಲೈನ್ ಕೋಡ್‌ನಲ್ಲಿ ಇಲ್ಲದ ತಪ್ಪನ್ನು ದಿನಗಟ್ಟಲೆ ಹುಡುಕಿದೆ.

‘ಪಿಎಫ್‌ಎನ್ ವ್ಯಾಲಿಡ್’ ಚೆಕ್ (ಪಿಎಫ್‌ಎನ್ ಅಂದರೆ ಪುಟದ ಕ್ರಮಸಂಖ್ಯೆ) ಸೇರಿಸಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಇಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಆ ಸೆಕ್ಷನ್‌ಗೆ ಸ್ಟ್ರಕ್ಟ್ ಪೇಜ್ ಜಾಗ ಇದೆ ಅಂತ ಅದು ಹೇಳುತ್ತದೆ, ಒಳಗೆ ಯಾರಾದರೂ ಬರೆದಿದ್ದಾರಾ ಅಂತ ಅಲ್ಲ. ‘ಪಿಎಫ್‌ಎನ್ ಟು ಆನ್‌ಲೈನ್ ಪೇಜ್’ (ಆನ್‌ಲೈನ್ ಸೆಕ್ಷನ್‌ನ ಪುಟವನ್ನಷ್ಟೇ ಕೊಡುವ ಫಂಕ್ಷನ್) ಕೂಡ ಈ ಕೇಸಿನಲ್ಲಿ ಉಳಿಸಲ್ಲ, ಯಾಕಂದರೆ ಸೆಕ್ಷನ್ ಆನ್‌ಲೈನ್ ಇದ್ದೇ ಇದೆ.

2019ರಲ್ಲಿ, 5.0 ಬರುವ ಹೊತ್ತಿಗೆ, ಮುಖ್ಯ ಕರ್ನಲ್‌ನಲ್ಲಿ ಇದನ್ನು ಸರಿಮಾಡಿದ್ದು ಪುಟಗಳನ್ನು ಓದುತ್ತಾ ಹೋಗುವ ಕಡೆ: ಝೋನ್‌ನ ಗಡಿ ದಾಟಬೇಡ ಅಂತ ಒಂದು ಚೆಕ್. ಪಾಯ್ಸನ್ ಹಾಗೇ ಉಳಿಯಿತು. ನನಗೆ ಅದೇ ಸರಿ ಅನ್ನಿಸುತ್ತದೆ.

ನೀವೀಗ ಡಂಪ್‌ನಿಂದ ಆ ಪುಟದ ಪಿಎಫ್‌ಎನ್ ತೆಗೆಯಿರಿ. 4096ರಿಂದ ಗುಣಿಸಿದರೆ ಫಿಸಿಕಲ್ ವಿಳಾಸ. ಬೂಟ್ ಲಾಗ್‌ನ ಇ820 ಪಟ್ಟಿಯನ್ನೂ (ಫರ್ಮ್‌ವೇರ್ ಕೊಡುವ ಮೆಮೊರಿ ನಕ್ಷೆ), ಪ್ರಾಕ್ ಒಳಗಿನ ಝೋನ್‌ಇನ್ಫೋದ ‘ಸ್ಟಾರ್ಟ್ ಪಿಎಫ್‌ಎನ್’ ಮತ್ತು ‘ಸ್ಪ್ಯಾನ್ಡ್’ (ಝೋನ್ ಎಷ್ಟು ಪುಟಗಳಷ್ಟು ಹರಡಿದೆ) ಸಂಖ್ಯೆಗಳನ್ನೂ ಪಕ್ಕಕ್ಕೆ ಇಟ್ಟುಕೊಳ್ಳಿ. ಪುಟ ಝೋನ್ ಆಚೆಗಿದ್ದರೆ ತಪ್ಪು ಓದುವವನದು, 5.0ರ ಆ ಚೆಕ್ ಅನ್ನೇ ಬ್ಯಾಕ್‌ಪೋರ್ಟ್ ಮಾಡಿ, ಅಂದರೆ ನಿಮ್ಮ ಹಳೆಯ ಕರ್ನಲ್‌ಗೆ ತಂದು ಹಾಕಿ. ಝೋನ್ ಒಳಗೇ ಇದ್ದು ಇ820ಯಲ್ಲಿ ಮಾತ್ರ ಖಾಲಿ ಜಾಗವಾಗಿದ್ದರೆ ತಪ್ಪು ಇನಿಶಿಯಲೈಸ್ ಮಾಡುವವನದು. 5.12ರಿಂದ ಅಂಥ ಪುಟಗಳಿಗೂ ಸರಿಯಾದ ಝೋನ್, ನೋಡ್ ಬರೆದು ರಿಸರ್ವ್ಡ್ ಅಂತ ಗುರುತು ಹಾಕುತ್ತಾರೆ. ಆಗ ಕರ್ನಲ್ ಬದಲಿಸುವುದೇ ವಾಸಿ, 4.19ಕ್ಕೆ ಅದನ್ನು ತರೋದು ಸಣ್ಣ ಕೆಲಸವಲ್ಲ.